ಇನ್ನೂರು ಯೂನಿಟ್ಟಿನೊಳಗಿನ ಚಳಿ

ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಗಳಿಗಿಂತ ಬೀದಿಯೇ ಬೆಚ್ಚಗಿರುತ್ತದೆ. ಬಿಸಿಲಲ್ಲಿ ನಿಂತು ಚೌಕಾಸಿ ಮಾಡಿ ಅವರೆಕಾಯಿ ತಗೊಂಡು, ಒಳಗೆ ಬಂದು ಸ್ವೆಟರ್ ಹಾಕಿಕೊಳ್ಳುವ ಜನ ನಾವು. ಇಲ್ಲಿ ಮನೆ ಕಟ್ಟುವುದೇ ಗಾಳಿ ಆಡಲಿ ಅಂತ. ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಂತೂ ಕೋಣೆಗೊಂದು ವೆಂಟಿಲೇಟರ್, ಒಂದಕ್ಕೂ ಗಾಜಿಲ್ಲ. ಕೆಳಗೆ ಟೈಲ್ಸ್ ನೆಲ. ಬೆಳಿಗ್ಗೆ ಅದರ ಮೇಲೆ ಬರಿಗಾಲಿಟ್ಟರೆ ನಾಸ್ತಿಕರ ಬಾಯಲ್ಲೂ 'ಶಿವಾ' ಅಂತ ಬರುತ್ತದೆ.

ಲೆಕ್ಕಕ್ಕೆ ಇದು ಚಳಿಯೇ ಅಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ. ಈ ಊರಿನ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ದೆಹಲಿಯಿಂದ ಬಂದ ನಮ್ಮ ಮೈದುನ ಬಾಗಿಲಲ್ಲೇ ನನ್ನ ಮಫ್ಲರ್ ನೋಡಿ ನಕ್ಕ. "ಅತ್ತಿಗೆ, ಇದೂ ಒಂದು ಚಳಿನಾ?" ಅಂದ. ರಾತ್ರಿ ಹತ್ತೂವರೆಗೆ ಅವನೇ ಬಂದು, "ಅತ್ತಿಗೆ, ಇನ್ನೊಂದು ರಗ್ಗು ಇದೆಯಾ?" ಅಂತ ಮೆಲ್ಲಗೆ ಕೇಳಿದ. ಅಲ್ಲಿ ದಪ್ಪ ರಜಾಯಿ ಇರುತ್ತೆ, ಬಾಗಿಲು ಸರಿಯಾಗಿ ಮುಚ್ಚುತ್ತೆ. ಇಲ್ಲಿ ನಮ್ಮ ನೆತ್ತಿಯ ಮೇಲೇ ಗಾಳಿಗೆ ರಾಜಮಾರ್ಗ.

ತಮ್ಮ ನಡುಗಿದ್ದು ನೋಡಿ ಇವರ ಕರುಳು ಚುರುಕ್ ಅಂದಿರಬೇಕು. ನಾನು ಇಷ್ಟು ವರ್ಷ ನಡುಗಿದ್ದು ಕಾಣಿಸಿರಲಿಲ್ಲ, ಇರಲಿ. ಮರುದಿನವೇ 2000 ವ್ಯಾಟಿನ ರೂಮ್ ಹೀಟರ್ ತಂದರು. ಅದರ ಪ್ಲಗ್ಗೋ ದಪ್ಪ ಕಾಲಿನದು, 16 ಆಂಪ್ಸ್. ನಮ್ಮ ಬೆಡ್‌ರೂಮಿನ ಸಾಕೆಟ್ಟುಗಳೆಲ್ಲ 6 ಆಂಪ್ಸಿನ ಸಣ್ಣವು. ಕನ್ವರ್ಟರ್ ಪಿನ್ ಹಾಕಿದರಾಯ್ತು ಅಂತ ಅಂಗಡಿಯವನು ಧೈರ್ಯ ಹೇಳಿ ಕಳಿಸಿದ್ದನಂತೆ. 2000 ವ್ಯಾಟ್ ಅಂದರೆ ಹೆಚ್ಚುಕಮ್ಮಿ 9 ಆಂಪ್ಸ್ ಎಳೆಯುತ್ತೆ. ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದರೆ ಕೋಣೆಗಿಂತ ಮೊದಲು ಗೋಡೆ ಬಿಸಿಯಾಗುತ್ತೆ, ಆಮೇಲೆ ಸುಟ್ಟ ವಾಸನೆ. ದೊಡ್ಡ ಸಾಕೆಟ್ ಇದ್ದದ್ದು ಎರಡೇ ಕಡೆ. ಒಂದು ಬಚ್ಚಲಿನ ಗೀಸರಿಗೆ, ಇನ್ನೊಂದು ಅಡುಗೆಮನೆಯಲ್ಲಿ.

ಹಾಗಾಗಿ ಇಡೀ ಸಂಸಾರ ಅಡುಗೆಮನೆಗೆ ಬಂತು. ಅಕ್ಕಿ ಡಬ್ಬದ ಪಕ್ಕ ಸ್ಟೂಲ್ ಹಾಕಿಕೊಂಡು ಅತ್ತೆ, ಫ್ರಿಜ್ಜಿಗೆ ಒರಗಿಕೊಂಡು ಮೈದುನ, ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಮಗಳು. ಇವರು ಹೀಟರಿನ ಮುಂದೆ ಕೈ ಚಾಚಿ ಕೂತರು. ಮನೆಯಲ್ಲಿ ಮೊದಲೇ ಬೆಚ್ಚಗಿದ್ದ ಒಂದೇ ಒಂದು ಕೋಣೆಯನ್ನು ಎಲ್ಲರೂ ಸೇರಿ ಮತ್ತೆ ಕಾಯಿಸಿದ್ದಾಯಿತು. ಒಗ್ಗರಣೆ ಹಾಕಬೇಕು ಅಂದರೆ ನಾನು ನಾಲ್ಕು ಜನರನ್ನು ದಾಟಬೇಕು.

ಸಂಜೆ ಅತ್ತೆ ಸ್ನಾನಕ್ಕೆ ಹೋದರು. ಗೀಸರೂ ಹೀಟರೂ ಒಟ್ಟಿಗೆ ಉರಿದು, ಎಂಸಿಬಿ ಟಪ್ ಅಂತ ಬಿತ್ತು. ಅವರು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರು. ಕತ್ತಲ ಬಚ್ಚಲಿಂದ ಬಂದ ಮಾತುಗಳಲ್ಲಿ ಇಲ್ಲಿ ಬರೆಯಬಹುದಾದ್ದು ಒಂದೇ: "ನಮ್ಮ ತೀರ್ಥಹಳ್ಳಿಲಿ ಹಂಡೆ ಯಾವತ್ತಾದ್ರೂ ಟ್ರಿಪ್ ಆಗಿದ್ದುಂಟಾ?"

ರಾತ್ರಿ ಇವರು ಹಳೇ ಮದುವೆ ಕಾರ್ಡಿನ ಹಿಂದೆ ಲೆಕ್ಕ ಹಾಕಿದರು. ಗಂಟೆಗೆ 2 ಯೂನಿಟ್. ದಿನಕ್ಕೆ 4 ಗಂಟೆ ಅಂದರೆ 8. ತಿಂಗಳಿಗೆ 240! ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ. 2023ರಿಂದ ಶೂನ್ಯ ಬಿಲ್ಲು ನೋಡಿ ನೋಡಿ ಅಭ್ಯಾಸವಾದ ಮನುಷ್ಯನಿಗೆ ಆ ಚಳಿಯಲ್ಲೂ ಬೆವರು ಬಂತು. ಹೀಟರ್ ಅಟ್ಟಕ್ಕೆ ಹೋಯಿತು, ದಸರಾ ಗೊಂಬೆಗಳ ಪೆಟ್ಟಿಗೆ ಪಕ್ಕ.

ಅಲ್ಲಿಂದ ಶುರುವಾಯಿತು ಕರೆಂಟಿಲ್ಲದ ಚಳಿಗಾಲ. ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಕೋಣೆಯಲ್ಲಿಡೋಣ ಅಂದರು ಅತ್ತೆ. ಅದಕ್ಕೆ ನಾನು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಮಗಳು ತನ್ನ ವಿಜ್ಞಾನ ತಂದಳು: ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತಂತೆ. ನಾವು ಐದು ಜನ, 500 ವ್ಯಾಟ್, ಯೂನಿಟ್ ಸೊನ್ನೆ. ಇವರ ಮುಖ ಅರಳಿತು. ಅಂದಿನಿಂದ ಹಾಲಿನಲ್ಲಿ ಜಮಖಾನ ಹಾಸಿ ಎಲ್ಲರೂ ಒಂದೇ ಕಡೆ ಮಲಗಬೇಕು ಅಂತಾಯಿತು. ಮೈದುನನ ಗೊರಕೆಗೆ ಎಷ್ಟು ವ್ಯಾಟ್ ಅಂತ ಯಾರೂ ಹೇಳಲಿಲ್ಲ.

ಉಳಿದದ್ದು ವೆಂಟಿಲೇಟರ್. ಇವರು ಏಣಿ ಹತ್ತಿ, ಬೀರುವಿನಿಂದ ಸಿಕ್ಕಿದ ಬಟ್ಟೆ ತುರುಕಿ ಗಾಳಿ ನಿಲ್ಲಿಸಿದರು. ನಿಜಕ್ಕೂ ಕೋಣೆ ಬೆಚ್ಚಗಾಯಿತು. ಶುಕ್ರವಾರ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಬಂದಾಗ ಬೀರು ತೆಗೆದರೆ ಒಂದು ಬ್ಲೌಸ್ ಪೀಸೂ ಇಲ್ಲ. ಅತ್ತೆ ಹಾಲಿನ ಗೋಡೆಯ ಕಡೆ ತಲೆ ಎತ್ತಿದರು. ಅಲ್ಲಿ ಗಿಳಿಹಸಿರು, ಕೇಸರಿ, ಗುಲಾಬಿ, ಎಲ್ಲಾ ಬಣ್ಣವೂ ಇಣುಕುತ್ತಿದ್ದವು. ಪಕ್ಕದ ಮನೆಯವರೂ ತಲೆ ಎತ್ತಿದರು. "ಆ ಗುಲಾಬಿದು ನಾನೇ ಕೊಟ್ಟಿದ್ದಲ್ವಾ?" ಅಂದರು. ಬ್ಲೌಸ್ ಪೀಸು ಊರೆಲ್ಲ ಸುತ್ತಿ ಕೊಟ್ಟವರ ಕೈಗೇ ವಾಪಸ್ ಹೋಗುವುದು ಹೊಸದೇನಲ್ಲ. ಆದರೆ ವೆಂಟಿಲೇಟರ್ ದಾರಿಯಲ್ಲಿ ಯಾವುದೂ ಹೋಗಿರಲಿಲ್ಲ.

ತಿಂಗಳ ಕೊನೆಗೆ ಕರೆಂಟ್ ಬಿಲ್ಲು ಬಂತು. ಶೂನ್ಯ! ಇವರು ಅದನ್ನು ಮೈದುನನಿಗೆ ಎರಡು ಸಲ ತೋರಿಸಿದರು. ಅದೇ ವಾರ ಗ್ಯಾಸ್ ಮುಗಿಯಿತು, ಎಂದಿಗಿಂತ ತುಂಬಾ ಮೊದಲೇ. ಮುಗಿಯದೆ ಏನು? ಬೆಳಿಗ್ಗೆ ಶುಂಠಿ ಕಷಾಯ, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಮೆಣಸಿನಕಾಯಿ ಬಜ್ಜಿ, ರಾತ್ರಿ ಮೆಣಸಿನ ಸಾರು, ಮಧ್ಯೆ ಯಾರಿಗೆ ಚಳಿಯಾದರೂ ಒಂದು ಕಾಫಿ, ಮಲಗುವಾಗ ಹಾಟ್ ವಾಟರ್ ಬ್ಯಾಗಿಗೆ ನೀರು.

ಈಗ ಇವರು ಇಂಡಕ್ಷನ್ ಒಲೆಯ ಬೆಲೆ ವಿಚಾರಿಸುತ್ತಿದ್ದಾರೆ. ಅದೂ 2000 ವ್ಯಾಟಂತೆ.