ಶುಲ್ಕದ ಶಿಬಿರದಲ್ಲಿ ಸಂಬಳವಿಲ್ಲದ ಕ್ರೂ ಕೆಲಸ: ಮಾಡಬೇಕೆ?

ಪರ: ಕಲಿಯುವವರಿಗೆ ಇದು ದೊಡ್ಡ ಅವಕಾಶ

ಎರಡು-ಮೂರು ದಿನದ ಪ್ರೇರಣಾ ಕಾರ್ಯಾಗಾರ ಎಂದರೆ ವೇದಿಕೆಯ ಮೇಲಿನ ಮಾತಷ್ಟೇ ಅಲ್ಲ. ಉಳಿದ ಕೆಲಸವನ್ನು ಹೊರುವವರೇ ಕ್ರೂ: ಅದೇ ಶಿಬಿರವನ್ನು ಹಿಂದೆ ಮಾಡಿ, ಈಗ ಸಂಬಳವಿಲ್ಲದೆ ನೆರವಿಗೆ ನಿಲ್ಲುವವರು. 300 ಜನ ಸೇರುವ ಕಡೆ ಮೊದಲು ಎಡವಟ್ಟಾಗುವುದು ನೋಂದಣಿ ಮೇಜಿನಲ್ಲಿ. ಒಬ್ಬರಿಗೆ ಅರ್ಧ ನಿಮಿಷ ಹಿಡಿದರೂ ಒಂದೇ ಮೇಜಿದ್ದರೆ ಎರಡೂವರೆ ಗಂಟೆ ಬೇಕು, ಐದಿದ್ದರೆ ಅರ್ಧ ಗಂಟೆ ಸಾಕು. ಆ ಐದನ್ನೂ ಹೆಸರಿನ ಅಕ್ಷರದ ಮೇಲೆ ಹಂಚಿದರೆ ಮತ್ತೆ ಗೊಂದಲ. ಇನಿಷಿಯಲ್ ಕೆಲವರಿಗೆ ಹೆಸರಿನ ಮುಂದೆ, ಕೆಲವರಿಗೆ ಹಿಂದೆ. ‘ಎಸ್’ ಸಾಲೊಂದು ಬಾಗಿಲಾಚೆಗೆ ಬೆಳೆಯುತ್ತದೆ. ಮೊಬೈಲ್ ಸಂಖ್ಯೆಯ ಕೊನೆಯ ಅಂಕಿ ನೋಡಿ ಮೇಜಿಗೆ ಎರಡೆರಡು ಅಂಕಿ ಕೊಟ್ಟರೆ ಸಾಲುಗಳು ಹೆಚ್ಚುಕಮ್ಮಿ ಸಮವಾಗುತ್ತವೆ. ಇಂಥದ್ದನ್ನು ಯಾವ ತರಗತಿಯೂ ಕಲಿಸುವುದಿಲ್ಲ.

ಮೈಕ್ ಒಯ್ಯುವವರ ಕೆಲಸವೂ ಹಾಗೆಯೇ. ಮೈಕನ್ನು ಮಾತಾಡುವವರ ಕೈಗೆ ಕೊಡದೆ ತಾವೇ ಹಿಡಿದಿರಬೇಕು. ಕೊಟ್ಟರೆ ಒಂದು ಪ್ರಶ್ನೆ ಹತ್ತು ನಿಮಿಷದ ಭಾಷಣವಾಗುತ್ತದೆ. ಸ್ಪೀಕರ್ ಮುಂದೆ ಹಾದರೆ ಕೀರಲು ಸದ್ದು ಏಳುತ್ತದೆ, ಆದ್ದರಿಂದ ಪಕ್ಕದ ಹಾದಿಯಲ್ಲೇ ಓಡಾಡಬೇಕು. ಬ್ಯಾಟರಿ ಸತ್ತ ಮೇಲಲ್ಲ, ಚಹಾ ವಿರಾಮದಲ್ಲೇ ಬದಲಿಸಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಳುವವರ ಬಳಿಯ ಕೆಲಸ. ಕಣ್ಣು ಮುಚ್ಚಿಸಿ ತೀರಿಹೋದ ತಂದೆತಾಯಿಯನ್ನು ನೆನೆಸುವ ಅಭ್ಯಾಸದಲ್ಲಿ ಹಲವರು ಒಟ್ಟಿಗೇ ಬಿಕ್ಕಲು ಶುರುಮಾಡುತ್ತಾರೆ. ಆಗ ಓಡಿಹೋಗಿ ತಬ್ಬಿಕೊಳ್ಳಬಾರದು. ಪಕ್ಕದಲ್ಲಿ, ಅವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಕೂರಬೇಕು, ಕೇಳದೆ ಮುಟ್ಟಬಾರದು, ಟಿಶ್ಯೂವನ್ನು ಮುಖಕ್ಕೆ ಹಿಡಿಯದೆ ಕೈಗೆಟುಕುವಂತೆ ಇಡಬೇಕು. ಉಸಿರು ಜೋರಾಗಿ ಬೆರಳು ಜುಮುಗುಟ್ಟುತ್ತಿದೆ ಎಂದರೆ ಹೊರಗೆ ಕರೆದೊಯ್ದು ಉಸಿರನ್ನು ನಿಧಾನವಾಗಿ ಬಿಡಿಸಬೇಕು. ಎದೆನೋವು ಎಂದರೆ ಅಲ್ಲಿ ಸಮಾಧಾನದ ಮಾತಿಗೆ ಜಾಗವಿಲ್ಲ, ತಕ್ಷಣ 108. ಮನೆಗೆ ಹೋದ ಮೇಲೂ ತಳಮಳ ನಿಲ್ಲದಿದ್ದರೆ ಕರೆಮಾಡಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416ನ್ನು ಬರೆದುಕೊಡಬೇಕು.

ಇವೆಂಟ್ ಕಂಪನಿಯ ಹುಡುಗರು ಕುರ್ಚಿ ಜೋಡಿಸಬಲ್ಲರು. ಯಾವ ಅಭ್ಯಾಸದಲ್ಲಿ ದೀಪ ಆರುತ್ತದೆ, ಎಲ್ಲಿ ಜನ ಕುಸಿಯುತ್ತಾರೆ ಎಂಬುದು ಆ ಶಿಬಿರವನ್ನು ಒಮ್ಮೆ ತಾವೇ ಮಾಡಿದವರಿಗೆ ಮಾತ್ರ ಗೊತ್ತು. ಹದಿನೈದು ಮಂದಿಗೆ ಅಂಥವರೊಬ್ಬರು ಇದ್ದರೆ ಸಭಾಂಗಣ ನಿಜಕ್ಕೂ ಸುರಕ್ಷಿತ. ಆ ಹೊಣೆ ಹೊರುವ ಯುವಕ ಯುವತಿಯರಿಗೆ ಸಿಗುವ ಧೈರ್ಯ ಸಂಬಳಕ್ಕಿಂತ ಹೆಚ್ಚಿನದು.

ವಿರೋಧ: ಲಾಭ ಯಾರದೋ ಕೂಲಿಯೂ ಅವರೇ ಕೊಡಲಿ

ಮೇಲಿನ ಕೆಲಸಗಳೆಲ್ಲ ನಿಜವಾದ ಕೆಲಸಗಳೇ. ನಿಜವಾದ ಕೆಲಸಕ್ಕೆ ಕೂಲಿ ಕೊಡಬೇಕು ಎಂಬುದೇ ನಮ್ಮ ವಾದ. ತಲೆಗೆ 12,000 ರೂಪಾಯಿಯಂತೆ 300 ಜನ ಎಂದರೆ 36 ಲಕ್ಷ. ಇಪ್ಪತ್ತು ಮಂದಿ ಕ್ರೂಗೆ ದಿನಕ್ಕೆ 1,500ರಂತೆ ಮೂರು ದಿನಕ್ಕೆ ಕೊಟ್ಟರೂ ಆಗುವುದು 90,000, ಅಂದರೆ ವಸೂಲಿಯ ಶೇ. 2.5. ಇದು ಕೊಡಲಾಗದ ಮೊತ್ತವಲ್ಲ. ಊರಿನ ಟ್ರಸ್ಟ್ ಉಚಿತವಾಗಿ ನಡೆಸುವ ಶಿಬಿರದ ಮಾತು ಬೇರೆ. ಅಲ್ಲಿ ಬಡಿಸಲು ನಿಲ್ಲುವುದು ಸೇವೆಯೇ.

ಈ ಶಿಬಿರಗಳ ತವರಾದ ಅಮೆರಿಕದಲ್ಲಿ, 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯಡಿ ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಗೆ ‘ಸ್ವಯಂಸೇವೆ’ ಮಾಡುವಂತಿಲ್ಲ ಎಂಬುದು ಅಲ್ಲಿನ ಕಾರ್ಮಿಕ ಇಲಾಖೆಯ ನಿಲುವು.

ಕೂಲಿ ಕೊಡದಿರುವುದಕ್ಕೆ ಉಳಿತಾಯವೊಂದೇ ಕಾರಣವಲ್ಲ. ಕೊನೆಯ ದಿನ ಮಧ್ಯಾಹ್ನ, ಜನ ಅತ್ತು ಹಗುರಾದ ಹೊತ್ತಿಗೆ, ಹಿಂಬದಿಯ ಮೇಜಿನ ಮೇಲೆ ಮುಂದಿನ ಹಂತದ ಶಿಬಿರದ ಅರ್ಜಿ, ಕಾರ್ಡ್ ಯಂತ್ರ ಬರುತ್ತವೆ. ‘ಇಂದೇ ಸೇರಿದರೆ ರಿಯಾಯಿತಿ.’ ಹಿಂಜರಿಯುವವರ ಪಕ್ಕಕ್ಕೆ ಹೋಗುವುದು ಅದೇ ಕ್ರೂ. ಬೆಳಿಗ್ಗೆ ನೀರು ಕೊಟ್ಟು ಸಮಾಧಾನ ಮಾಡಿದ ಅಕ್ಕನೇ ಈಗ ‘ನನಗೆ ಬಹಳ ಉಪಯೋಗವಾಯಿತು’ ಎನ್ನುತ್ತಾಳೆ. ಆಕೆ ಸಂಬಳಕ್ಕೆ ಬಂದವಳಲ್ಲ ಎಂಬುದೇ ಆ ಮಾತಿನ ತೂಕ. ಆಕೆಯ ಪ್ರಾಮಾಣಿಕತೆಯನ್ನು ಹೀಗೆ ಮಾರಾಟಕ್ಕೆ ಬಳಸುವುದು ತಪ್ಪು.

ಇನ್ನು ಅಪಾಯದ ಮಾತು. 2016ರ ಜೂನಿನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಪ್ರೇರಣಾ ಭಾಷಣಕಾರ ಟೋನಿ ರಾಬಿನ್ಸ್ ಶಿಬಿರದಲ್ಲಿ ಕೆಂಡ ಹಾಯ್ದವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಕಾಲು ಸುಟ್ಟಿತು. ಇದ್ದಿಲು ಶಾಖವನ್ನು ನಿಧಾನವಾಗಿ ದಾಟಿಸುತ್ತದೆ. ಹೆಜ್ಜೆ ನಿಲ್ಲದಿದ್ದರೆ ಅಂಗಾಲು ಉಳಿಯುತ್ತದೆ. ನಮ್ಮ ವೀರಭದ್ರನ ಕೊಂಡ ಹಾಯುವವರಿಗೂ ಇದು ಗೊತ್ತು. ನಡುವೆ ನಿಂತರೆ, ಕೆಂಡದಲ್ಲಿ ಕಾಲು ಹೂತರೆ ಸುಡುತ್ತದೆ. ಅಲ್ಲಿ ಸಾಲನ್ನು ನಿಭಾಯಿಸುವವರಿಗೆ ಉತ್ಸಾಹವಲ್ಲ, ತರಬೇತಿ ಬೇಕು. ‘ಇವರು ಬೇಡ’ ಎಂದು ತಡೆಯುವ ಅಧಿಕಾರ ಬೇಕು.

ಆ ಅಧಿಕಾರ ಯಾರಿಗೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2009ರ ಅಕ್ಟೋಬರ್ 8ರಂದು ಅರಿಜೋನಾದ ಸೆಡೋನಾ ಬಳಿ ಕಂಡೆವು. ಅಲ್ಲಿನ ಇನ್ನೊಬ್ಬ ಪ್ರೇರಣಾ ಭಾಷಣಕಾರ ಜೇಮ್ಸ್ ಆರ್ಥರ್ ರೇ ಶಿಬಿರದ ಬೆವರು ಡೇರೆಯೊಳಗೆ (ಕಾದ ಕಲ್ಲಿಗೆ ನೀರು ಸುರಿದು ಹಬೆ ಎಬ್ಬಿಸುವ ಮುಚ್ಚಿದ ಡೇರೆ) ಐವತ್ತಕ್ಕೂ ಹೆಚ್ಚು ಜನರಿದ್ದರು, ಮೂವರು ಸತ್ತರು. 2011ರಲ್ಲಿ ನಿರ್ಲಕ್ಷ್ಯದಿಂದಾದ ಮೂರು ಸಾವುಗಳಿಗೆ ರೇ ತಪ್ಪಿತಸ್ಥನಾಗಿ ಎರಡು ವರ್ಷದ ಸೆರೆಯಾಯಿತು. ಅಲ್ಲಿಯೂ ಸಂಬಳವಿಲ್ಲದ ಸ್ವಯಂಸೇವಕರಿದ್ದರು. ಗುರುವೆಂದು ನಂಬಿದವನ ಎದುರು ‘ಸಾಕು, ಬಾಗಿಲು ತೆಗೆಯಿರಿ’ ಎನ್ನುವುದು ಅಭಿಮಾನಿಗೆ ಬಹಳ ಕಷ್ಟ.

ಆದರೂ ಹೋಗಲೇಬೇಕೆನ್ನುವವರು ಮೊದಲೇ ಬರಹದಲ್ಲಿ ಕೇಳಿ ಪಡೆಯಲಿ: ದಿನಕ್ಕೆ ಎಷ್ಟು ಗಂಟೆ ದುಡಿಮೆ, ರಾತ್ರಿ ಹನ್ನೊಂದರ ಮೇಲೆ ಮನೆಗೆ ವಾಹನ ಯಾರದು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಕಾರ್ಯಕ್ರಮ ನಿಲ್ಲಿಸುವ ಅಧಿಕಾರವುಳ್ಳ ವೈದ್ಯರು ಅಲ್ಲಿರುತ್ತಾರೆಯೇ, ಮಾರಾಟದ ಮೇಜಿಗೆ ನಿಲ್ಲುವುದಿಲ್ಲ ಎಂದರೆ ಒಪ್ಪುತ್ತಾರೆಯೇ.