ತೋಳಿನ ಹಳದಿ

ದೊಡ್ಡ ಚಿತ್ರವೊಂದರ ಎದುರು ಸಾಮಾನ್ಯ ನೋಡುಗನೂ ಚಿತ್ರಕಾರನೂ ಅಕ್ಕಪಕ್ಕ ನಿಂತಿದ್ದರೆ ಯಾರು ಯಾರೆಂದು ಹೇಳುವುದು ಕಷ್ಟವಲ್ಲ. ಮೊದಲನೆಯವನು ಇಡೀ ಚಿತ್ರ ಕಣ್ಣಿಗೆ ನಿಲುಕುವಷ್ಟು ದೂರದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಎರಡನೆಯವನು ಯಾವುದೋ ಮೂಲೆಗೆ ಮೂಗು ತಾಗುವಷ್ಟು ಬಾಗಿ ಕಾವಲುಗಾರನ ಕೆಂಗಣ್ಣಿಗೆ ಗುರಿಯಾಗಿರುತ್ತಾನೆ. ನಾನು ಈ ಎರಡನೆಯ ಪಂಗಡದವನು. ನೋಡುವವರಿಗೆ ಇದು ಭಕ್ತಿಯಂತೆ ಕಂಡೀತು, ಆದರೆ ಒಳಗೆ ನಡೆಯುವುದು ಕಳ್ಳನೊಬ್ಬ ಹಗಲಿನಲ್ಲಿ ಬಂದು ಮನೆಯ ಕಿಟಕಿ ಬಾಗಿಲುಗಳನ್ನು ಗುರುತು ಹಾಕಿಕೊಂಡು ಹೋಗುವ ಕೆಲಸ.

ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1885ರ ಅಕ್ಟೋಬರಿನಲ್ಲಿ, ಆಗಷ್ಟೇ ಹೊಸ ಕಟ್ಟಡದಲ್ಲಿ ತೆರೆದಿದ್ದ ಆಮ್‌ಸ್ಟರ್‌ಡ್ಯಾಮಿನ ರಿಕ್ಸ್‌ಮ್ಯೂಸಿಯಂಗೆ ಗೆಳೆಯನೊಬ್ಬನೊಡನೆ ಹೋಗಿ, ಹದಿನೇಳನೆಯ ಶತಮಾನದ ಚಿತ್ರಕಾರ ರೆಂಬ್ರಾಂಟನ 'ಯಹೂದಿ ವಧು' ಚಿತ್ರದ ಮುಂದೆ ಕುಳಿತವನು ಏಳಲಿಲ್ಲ. ಗೆಳೆಯ ಉಳಿದುದನ್ನೆಲ್ಲ ನೋಡಿ ಮರಳಿದಾಗಲೂ ಅವನು ಅಲ್ಲಿಯೇ ಇದ್ದ. ಒಣ ರೊಟ್ಟಿಯ ಚೂರನ್ನು ತಿಂದುಕೊಂಡು ಹದಿನೈದು ದಿನ ಈ ಚಿತ್ರದೆದುರು ಕೂರಲು ಬಿಟ್ಟರೆ ಬದುಕಿನ ಹತ್ತು ವರ್ಷಗಳನ್ನು ಕೊಟ್ಟೇನು ಎಂದು ಅವನು ಹೇಳಿದನೆಂಬುದನ್ನು ಆ ಗೆಳೆಯನೇ ಮುಂದೆ ಬರೆದಿಟ್ಟಿದ್ದಾನೆ. ಆ ಚಿತ್ರದಲ್ಲಿರುವುದು ಒಂದು ಗಂಡು, ಒಂದು ಹೆಣ್ಣು, ನಾಲ್ಕು ಕೈಗಳು. ಜೊತೆಗೆ ಗಂಡಿನ ಅಂಗಿಯ ಹೊಂಬಣ್ಣದ ತೋಳು. ಆ ತೋಳಿನ ಮೇಲೆ ರೆಂಬ್ರಾಂಟ್ ಬಣ್ಣವನ್ನು ಬಳಿದಿಲ್ಲ, ಗಾರೆಯವನಂತೆ ಮೆತ್ತಿದ್ದಾನೆ. ಕ್ಯಾನ್ವಾಸಿನಿಂದ ಉಬ್ಬಿ ನಿಂತ ಆ ಏರುತಗ್ಗುಗಳು ಕೋಣೆಯ ಬೆಳಕನ್ನೇ ಹಿಡಿದು ಹೊಳೆಯುತ್ತವೆ. ಹತ್ತಿರದಿಂದ ಅದು ಒಡೆದ ಮಣ್ಣಿನ ಹೆಂಟೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜರತಾರಿ. ಆ ನಾಲ್ಕು ಹೆಜ್ಜೆಗಳ ನಡುವೆ ಎಲ್ಲಿಯೋ, 'ಹೀಗೂ ಮಾಡಬಹುದೇ!' ಎಂಬ ಉದ್ಗಾರ ಹುಟ್ಟುತ್ತದೆ. ನಾನು ಸ್ಫೂರ್ತಿ ಎಂದು ಕರೆಯುವುದು ಅದನ್ನೇ. ಅದರಲ್ಲಿ ಅರ್ಧ ಹೊಟ್ಟೆಕಿಚ್ಚೂ ಬೆರೆತಿರುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಅದೇ ಪ್ರವಾಸದ ಬಳಿಕ ತಮ್ಮನಿಗೆ ಬರೆದ ಪತ್ರದಲ್ಲಿ ವ್ಯಾನ್ ಗೋ, ರೆಂಬ್ರಾಂಟನ ಕಾಲದವನೇ ಆದ ಚಿತ್ರಕಾರ ಫ್ರಾನ್ಸ್ ಹಾಲ್ಸನ ಬಳಿ ಇಪ್ಪತ್ತೇಳು ಬಗೆಯ ಕಪ್ಪುಗಳಿವೆ ಎಂದ. ಕಪ್ಪನ್ನು ಎಣಿಸುವವನು ಖಂಡಿತ ಕಥೆ ಕೇಳಲು ಬಂದವನಲ್ಲ.

ಎಲ್ಲರೂ ಹೀಗೆ ಎದುರಿಗೇ ಕೂರುವ ಧೈರ್ಯ ಮಾಡುವುದಿಲ್ಲ. ಸ್ಪೇನಿನ ವೆಲಾಸ್ಕೆಜ್ 1650ರಲ್ಲಿ ಬರೆದ ಹತ್ತನೆಯ ಇನೊಸೆಂಟ್ ಪೋಪನ ಭಾವಚಿತ್ರವನ್ನು ಹಿಡಿದು ಮತ್ತೆ ಮತ್ತೆ ಚಿತ್ರ ಬರೆದ ಇಪ್ಪತ್ತನೆಯ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್, ರೋಮಿಗೆ ಹೋದಾಗಲೂ ಮೂಲವನ್ನು ನೋಡಲು ಹೋಗದೆ ಮುದ್ರಿತ ಪ್ರತಿಗಳನ್ನೇ ನೆಚ್ಚಿಕೊಂಡ. ಫ್ರೆಂಚ್ ಚಿತ್ರಕಾರ ಮತೀಸ್ ಇದಕ್ಕೆ ತದ್ವಿರುದ್ಧ. 1899ರಲ್ಲಿ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿಯೇ, ತನಗಿಂತ ಹಿರಿಯ ಚಿತ್ರಕಾರ ಸೆಜಾನನ ಸ್ನಾನದ ಹೆಂಗಸರ ಚಿಕ್ಕ ಚಿತ್ರವೊಂದನ್ನು ಕೊಂಡು ಮನೆಗೇ ತಂದ. 37 ವರ್ಷ ಅದರೊಡನೆ ಬಾಳಿ, 1936ರಲ್ಲಿ ಪ್ಯಾರಿಸ್ಸಿನ ಪೆಟಿ ಪ್ಯಾಲೆ ಸಂಗ್ರಹಾಲಯಕ್ಕೆ ದಾನ ಕೊಡುವಾಗ, ಇದು ನನಗೆ ಸಾಕಷ್ಟು ಪರಿಚಯವಾಗಿದೆ, ಪೂರ್ತಿಯಾಗಿ ಆಗಿಲ್ಲವೆಂದು ಆಶಿಸುತ್ತೇನೆ ಎಂಬರ್ಥದ ಮಾತನ್ನು ಬರೆದ. ಮೂವತ್ತೇಳು ವರ್ಷದ ಸಂಸಾರದ ಬಗ್ಗೆ ಇದಕ್ಕಿಂತ ಜಾಣ ಮಾತನ್ನು ನಾನು ಕೇಳಿಲ್ಲ.

ನನ್ನ ಅನುಭವದಲ್ಲಿ ಕದ್ದ ಮಾಲು ಕೂಡಲೇ ಕೈಗೆ ಸಿಗುವುದಿಲ್ಲ. ಚಿತ್ರಶಾಲೆಯಿಂದ ಮರಳಿದ ಮರುದಿನ ಹುರುಪಿನಿಂದ ಬರೆದದ್ದೆಲ್ಲ ಬರಿಯ ಅಣಕವಾಗಿರುತ್ತದೆ. ಹಲವು ತಿಂಗಳ ಮೇಲೆ, ರೆಂಬ್ರಾಂಟನ ನೆನಪೇ ಇಲ್ಲದ ಒಂದು ಮಧ್ಯಾಹ್ನ, ಮಡಿಸಿಟ್ಟ ಕಂಬಳಿಯೊಂದನ್ನು ಬರೆಯುತ್ತಿದ್ದಾಗ ಕೈ ತಾನಾಗಿ ಕುಂಚವನ್ನು ಕೆಳಗಿಟ್ಟು ಬಣ್ಣ ಕಲಸುವ ಪ್ಯಾಲೆಟ್ ಚಾಕುವನ್ನು ಎತ್ತಿಕೊಂಡು ಹಳದಿಯನ್ನು ದಪ್ಪವಾಗಿ ಮೆತ್ತಿತು. ಕಂಬಳಿಯ ಚಿತ್ರ ಕೆಟ್ಟಿತು. ಅಂಗೈಯಗಲದ ಆ ಹಳದಿಯನ್ನು ಮಾತ್ರ ನಾನಿನ್ನೂ ಕೆರೆದು ತೆಗೆದಿಲ್ಲ.