ಗಂಜಿ ಕೇಂದ್ರ ಹೋಗಿ ಕಾಳಜಿ ಕೇಂದ್ರ ಬಂತು, ಕಕ್ಕಸಿನ ಬೀಗದ ಕೈ ಎಲ್ಲಿ?

ಮುಂಗಾರು ಹತ್ತಿರ ಬಂದ ಹಾಗೆ ಪ್ರತಿ ವರ್ಷ ಪೇಪರಲ್ಲಿ ಒಂದೇ ಥರದ ಫೋಟೋ ಬರುತ್ತದೆ. ಕಿತ್ತಳೆ ಜಾಕೆಟ್ ಹಾಕಿಕೊಂಡವರು ಕೆರೆಯಲ್ಲಿ ರಬ್ಬರ್ ದೋಣಿ ಬಿಡುತ್ತಿರುತ್ತಾರೆ, ದಡದಲ್ಲಿ ಅಧಿಕಾರಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂತು ನೋಡುತ್ತಿರುತ್ತಾರೆ. ಕೆಳಗೆ 'ಅಣಕು ಪ್ರದರ್ಶನ' ಅಂತ ಬರೆದಿರುತ್ತಾರೆ. ದೋಣಿ ಬೇಡ ಅಂತ ನಾನು ಹೇಳಲ್ಲ. ಆದರೆ ದೋಣಿಯಿಂದ ಇಳಿದ ಜನ ಆಮೇಲೆ ಎಲ್ಲಿಗೆ ಹೋಗುತ್ತಾರೆ? ನಮ್ಮಂಥ ಶಾಲೆಗೆ ಬರುತ್ತಾರೆ, ಅಲ್ಲಿನ ಪರಿಹಾರ ಕೇಂದ್ರಕ್ಕೆ. ಮೊದಲು ಗಂಜಿ ಕೇಂದ್ರ ಅಂತಿದ್ದರು, ಈಗ ಕಾಳಜಿ ಕೇಂದ್ರ ಅಂತಾರೆ. ಬಂದವರು ಅನ್ನಕ್ಕಿಂತ ಮೊದಲು ಕೇಳೋದು ಕಕ್ಕಸು ಎಲ್ಲಿದೆ ಅಂತ.

ಇದನ್ನು ನಾನು ಕಲಿತಿದ್ದು 2019ರ ಆಗಸ್ಟ್‌ನಲ್ಲಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ, ಗದ್ದೆ ಎಲ್ಲ ಮಣ್ಣು ಪಾಲಾದ ವಾರ ಅದು. ಚಾರ್ಮಾಡಿ ಘಾಟಿ ಬಂದ್. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರೀತಿದ್ದಳು. ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಒಂದು ಶಾಲೆಯಲ್ಲಿ ಮೇಷ್ಟ್ರು, ಯಾವ ಶಾಲೆ ಅಂತ ಕೇಳಬೇಡಿ. ರಾತ್ರಿ ಎಂಟೂವರೆಗೆ ಫೋನ್ ಬಂತು. ನಿಮ್ಮ ಶಾಲೆ ಪರಿಹಾರ ಕೇಂದ್ರ, ನೀವೇ ನೋಡಲ್ ಅಧಿಕಾರಿ, ಜನ ಹೊರಟಿದ್ದಾರೆ ಅಂದರು. ಆದೇಶ ವಾಟ್ಸಾಪ್‌ಗೆ ಬಂತು. ಅದರಲ್ಲಿ ನನ್ನ ಇನಿಷಿಯಲ್ ತಪ್ಪಾಗಿತ್ತು. ನನ್ನ ತರಬೇತಿ ಅಂದರೆ ಅಷ್ಟೇ, ಆ ಒಂದು ಫೋನ್.

ಬಂದವರು ನೂರಾ ಮೂವತ್ತು ಜನ. ಎರಡು ಪಿಕಪ್, ಒಂದು ಟ್ರ್ಯಾಕ್ಟರ್, ಉಳಿದವರು ನಡೆದುಕೊಂಡು. ಶಾಲೆಯಲ್ಲಿ ನಾಲ್ಕು ಕಕ್ಕಸು. ಒಂದರ ತುಂಬ ಮುರಿದ ಬೆಂಚು. ಉಳಿದ ಮೂರಕ್ಕೆ ಬೀಗ. ಬೀಗದ ಕೈ ಹೆಡ್‌ಮಾಸ್ಟರ್ ಹತ್ರ, ಹೆಡ್‌ಮಾಸ್ಟರ್ ಪೇಟೆಯಲ್ಲಿ, ಪೇಟೆ ರಸ್ತೆ ಮೇಲೆ ಮರ. ಕೊನೆಗೆ ನಮ್ಮ ಪಂಚಾಯಿತಿ ವಾಟರ್‌ಮ್ಯಾನ್ ಕಲ್ಲು ತಗೊಂಡು ಬೀಗ ಒಡೆದ. ಸರ್ಕಾರಿ ಆಸ್ತಿ ಹಾನಿ ಅಂತ ಆಮೇಲೆ ಯಾರೋ ತಮಾಷೆಗೆ ಅಂದರು, ನನಗೆ ನಗು ಬರಲಿಲ್ಲ.

ನಮ್ಮ ಕಕ್ಕಸು ಇರೋದು ಆಟದ ಮೈದಾನದ ಆ ಕಡೆ ಅಂಚಿಗೆ. ಲೈಟಿಲ್ಲ. ಮಳೆಗೆ ಮೈದಾನ ಅಂದರೆ ಪಾಚಿ ಕಟ್ಟಿದ ಗದ್ದೆ. ಎರಡನೇ ರಾತ್ರಿ ಊಟ ಬಡಿಸುವಾಗ ಒಬ್ಬರು ಅಜ್ಜಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಒಂದು ಲೋಟ ಬಿಸಿನೀರು ಕೊಟ್ಟೆ. ಲೋಟ ಹಿಡಿದು ಕೈ ಕಾಯಿಸಿಕೊಂಡರು, ಕುಡಿಯಲಿಲ್ಲ, ಹಾಗೇ ವಾಪಸ್ ಕೊಟ್ಟರು. "ಬ್ಯಾಡ ಮೇಷ್ಟ್ರೇ. ಕುಡುದ್ರೆ ರಾತ್ರಿ ಎದ್ ಹೋಗ್ಬೇಕಲ್ಲ. ಆ ಜಾರೋ ಜಾಗ್ದಲ್ಲಿ ಯಾರ್ನ ಎಬ್ಬಿಸ್ಲಿ?" ಅಂದರು. ಮೂರನೇ ದಿನ ಅವರಿಗೆ ತಲೆ ತಿರುಗಿತು. ಆಶಾ ಕಾರ್ಯಕರ್ತೆ ಬಂದು ಓಆರ್‌ಎಸ್ ಕುಡಿಸಿದರು, ಒಬ್ಬರು ಸೊಸೆ ಪಕ್ಕದಲ್ಲಿ ಟಾರ್ಚ್ ಇಟ್ಟುಕೊಂಡು ಮಲಗಿದರು. ಸರಿ ಹೋಯಿತು. ಆದರೆ ಆ ತುಂಬಿದ ಲೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಕೊರೊನಾ ರಜೆಯಲ್ಲಿ ಕೂತು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಎಲ್ಲ ಬರೆದಿಟ್ಟಿದ್ದಾರೆ ಕಣ್ರೀ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್‌ನಲ್ಲೇ ಪರಿಹಾರ ಶಿಬಿರದಲ್ಲಿ ವಸತಿ, ಊಟ, ಕುಡಿಯೋ ನೀರು, ಔಷಧ, ನೈರ್ಮಲ್ಯ ಇಷ್ಟಿಷ್ಟು ಇರಲೇಬೇಕು ಅಂತ ಮಾನದಂಡ ಮಾಡಿ ಎಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದರ ಪ್ರಕಾರ 2016ರಲ್ಲಿ ಮಾರ್ಗಸೂಚಿ ತಂದಿದೆ. 30 ಜನಕ್ಕೆ ಒಂದು ಕಕ್ಕಸು. ಒಬ್ಬರಿಗೆ ಮಲಗೋಕೆ 3.5 ಚದರ ಮೀಟರ್ ಜಾಗ. ಕಕ್ಕಸು ಶಿಬಿರದಿಂದ 50 ಮೀಟರ್‌ಗಿಂತ ದೂರ ಇರಬಾರದು. ಈ 50 ಮೀಟರ್ ಎಲ್ಲಿಂದ ಬಂತು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಅಜ್ಜಿಯ ಲೋಟದಿಂದ ಬಂತು.

ಮಜಾ ಏನು ಗೊತ್ತಾ, ಬರೀ ಲೆಕ್ಕ ತೆಗೆದರೆ ನಾವು ಪೂರ್ತಿ ಫೇಲ್ ಅಲ್ಲ. ಸ್ಫಿಯರ್ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ನಿರಾಶ್ರಿತರ ಕ್ಯಾಂಪ್ ನಡೆಸುವವರಿಗೆಲ್ಲ ಅದೇ ಪಂಚಾಂಗ. ಅದರಲ್ಲಿ ಮೊದಮೊದಲ ದಿನಗಳಿಗೆ 50 ಜನಕ್ಕೊಂದು ಕಕ್ಕಸು ಸಾಕು, ಆಮೇಲೆ 20ಕ್ಕೊಂದು ಮಾಡಿ ಅಂತಿದೆ. 130 ಜನಕ್ಕೆ ಮೂರು ಅಂದರೆ ಮೊದಲ ವಾರ ಪಾಸು. ಅದೇ ಪುಸ್ತಕ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರಿರಲಿ ಅಂತಲೂ ಹೇಳುತ್ತೆ. ನಾನು ಮಾಡಿದ್ದು ಎರಡು ಗಂಡಸರಿಗೆ, ಒಂದು ಹೆಂಗಸರಿಗೆ. ಯಾಕೆ ಹಾಗೆ ಮಾಡಿದೆ? ಗಂಡಸರು ಜೋರು ಮಾಡಿದರು, ಅದಕ್ಕೆ. ಗಂಡಸರಿಗೆ ಒಂದು ತಗಡು ಮರೆ ಕಟ್ಟಿ ಮೂತ್ರಕ್ಕೆ ಬೇರೆ ಜಾಗ ಮಾಡಿಬಿಟ್ಟಿದ್ದರೆ ಅರ್ಧ ಗಲಾಟೆ ಮುಗೀತಿತ್ತು. ಒಂದು ಗಂಟೆ ಕೆಲಸ. ನನಗೆ ಹೊಳೆಯಲೇ ಇಲ್ಲ.

ಈ ಲೆಕ್ಕಗಳೆಲ್ಲ ಸುಮ್ನೆ ಹುಟ್ಟಿದ್ದಲ್ಲ. 1994ರ ಜುಲೈನಲ್ಲಿ ರುವಾಂಡದಿಂದ ಲಕ್ಷಗಟ್ಟಲೆ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ ಗೋಮಾ ಅನ್ನೋ ಊರಿಗೆ ಬಂದರು. ಅಲ್ಲಿ ನೆಲ ಅಂದರೆ ಜ್ವಾಲಾಮುಖಿಯ ಲಾವಾ ಕಲ್ಲು, ಗುದ್ದಲಿ ಇಳಿಯಲ್ಲ, ಗುಂಡಿ ತೋಡೋಕೆ ಆಗಲಿಲ್ಲ. ಬಯಲಲ್ಲೇ ಎಲ್ಲ, ಕುಡಿಯೋಕೆ ಕೆರೆ ನೀರು. ಕಾಲರಾ, ಆಮಶಂಕೆ ಹಬ್ಬಿ ಒಂದು ತಿಂಗಳಲ್ಲಿ ಹತ್ತಿರ ಹತ್ತಿರ 50,000 ಜನ ಸತ್ತರು. ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಭೇದಿಗೆ ಸತ್ತರು. ಸ್ಫಿಯರ್ ಶುರುವಾಗಿದ್ದು 1997ರಲ್ಲಿ, ಗೋಮಾದ ಪಾಠ ಅದರ ಹಿಂದಿತ್ತು. ನಮ್ಮ ನೂರಾ ಮೂವತ್ತು ಜನಕ್ಕೂ ಗೋಮಾಕ್ಕೂ ಎಲ್ಲಿಗೆಲ್ಲಿ ಅಂತ ನೀವು ನಗಬಹುದು. ಆದರೆ ನೋಡಿ, ಅಲ್ಲಿ ಕಲ್ಲು, ಇಲ್ಲಿ ನೀರು. ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು, ಬಾವಿಯಿಂದ 30 ಮೀಟರ್ ದೂರ ಇರಬೇಕು ಅಂತ ನಿಯಮ. ಆಗಸ್ಟ್ ತಿಂಗಳಲ್ಲಿ ನಮ್ಮೂರಲ್ಲಿ ಎರಡು ಅಡಿ ತೋಡಿದರೆ ಒರತೆ ಬರುತ್ತೆ. ಹಾಗಾದರೆ ಗುಂಡಿ ಎಲ್ಲಿ ತೋಡೋದು? ಕಟ್ಟೆ ಕಟ್ಟಿ ಎತ್ತರದಲ್ಲಿ ಕಕ್ಕಸು ಮಾಡಬೇಕು, ಕೆಳಗೆ ಡ್ರಮ್ಮೋ ರಿಂಗೋ ಇಡಬೇಕು. ಬಾಂಗ್ಲಾದೇಶದಲ್ಲಿ ನೆರೆ ಬರುವ ಕಡೆ ಮಾಡುತ್ತಾರೆ. ನಮ್ಮ ಇಂಜಿನಿಯರ್‌ಗೆ ಇದು ಕಷ್ಟದ ಕೆಲಸ ಅಲ್ಲ. ಆದರೆ ರಾತ್ರಿ ಎಂಟೂವರೆಗೆ, ಮಳೆಯಲ್ಲಿ, ಫೋನಲ್ಲಿ ಕಲಿಯೋ ಕೆಲಸವೂ ಅಲ್ಲ.

ನಮ್ಮ ದೇಶದವರಿಗೆ ಇದು ಹೊಸದೂ ಅಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಮ್ಮ ಕಡೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಕ್ಯಾಂಪಿನಲ್ಲಿ ಕಾಲರಾ. ಸಲೈನ್ ಬಾಟಲಿ ಖಾಲಿ. ದಿಲೀಪ್ ಮಹಲನಬಿಸ್ ಅನ್ನೋ ಡಾಕ್ಟರು ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು, ರೋಗಿಯ ಮನೆಯವರ ಕೈಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3ರ ಹತ್ತಿರಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆ ನಮ್ಮ ಅಜ್ಜಿಗೆ ಕುಡಿಸಿದ ಪೊಟ್ಟಣದ ಹಿಂದೆ ಆ ಕ್ಯಾಂಪಿನ ಕಥೆಯೂ ಇದೆ. ಕಲಿಸಿದರೆ ಮನೆಯವರೂ ಮಾಡುತ್ತಾರೆ ಅಂತ ಆಗಲೇ ಗೊತ್ತಾಗಿತ್ತು.

ಈಗ ಬ್ಲೀಚಿಂಗ್ ಪೌಡರ್ ವಿಷಯಕ್ಕೆ ಬರ್ತೀನಿ, ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ನಾಲ್ಕನೇ ದಿನ ದೊಡ್ಡವರೊಬ್ಬರು ಕೇಂದ್ರ ನೋಡೋಕೆ ಬರುತ್ತಾರೆ ಅಂತ ಸುದ್ದಿ ಬಂತು. ಹಿಂದೆಯೇ ಎರಡು ಚೀಲ ಬ್ಲೀಚಿಂಗ್ ಪೌಡರ್ ಬಂತು. ಗೇಟಿಂದ ಕಾರು ನಿಲ್ಲೋ ಜಾಗದವರೆಗೆ ಎರಡೂ ಕಡೆ ನೀಟಾಗಿ ಬಿಳಿ ಗೆರೆ ಎಳೆದರು, ರಂಗೋಲಿ ಥರ. ಅರ್ಧ ಗಂಟೆಯಲ್ಲಿ ಮಳೆ ತೊಳೆದುಕೊಂಡು ಹೋಯಿತು. ಅಷ್ಟೂ ದಿನ ಜನ ಕುಡೀತಿದ್ದ ಸಿಂಟೆಕ್ಸ್ ಟ್ಯಾಂಕಿಗೆ ಒಂದು ಚಿಟಿಕೆ ಬಿದ್ದಿರಲಿಲ್ಲ. ನಾನು ಹೇಳಿದ ಮೇಲೆ ಒಬ್ಬರು ಎರಡು ಬೊಗಸೆ ಸುರಿದರು. ಆ ನೀರು ಬಾಯಿಗೆ ಇಡೋಕಾಗದೆ ಮಕ್ಕಳು ಸೂರಿನ ನೀರು ಹಿಡಿದು ಕುಡಿದವು.

ಸಾವಿರ ಲೀಟರ್ ತಿಳಿ ನೀರಿಗೆ ಬೇಕಾಗೋದು ಒಳ್ಳೆ ಪೌಡರ್ ಆದರೆ ಸುಮಾರು 2.5 ಗ್ರಾಂ. ಬೊಗಸೆ ಅಲ್ಲ, ಚಮಚದ ಲೆಕ್ಕ. ಬಕೆಟ್ಟಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ ಕ್ಲೋರೋಸ್ಕೋಪ್‌ನಲ್ಲಿ, ಅಂದರೆ ಕ್ಲೋರಿನ್ ಅಳೆಯೋ ಸಣ್ಣ ಕಿಟ್‌ನಲ್ಲಿ, ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಹತ್ತಿರ ಕ್ಲೋರಿನ್ ಉಳಿದಿರಬೇಕು. ನೀರು ಕೆಂಪಾಗಿದ್ದರೆ ಪೌಡರ್ ಜಾಸ್ತಿ ಬೇಕು, ಎಷ್ಟು ಅನ್ನೋದು ಪರೀಕ್ಷೆ ಮಾಡಿಯೇ ತಿಳೀಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಅದೇ ಬೀಗ ಒಡೆದ ವಾಟರ್‌ಮ್ಯಾನ್. ಚೀಲದ ಬಾಯಿ ನೋಡಿದ, ಮೂಸಿದ, "ಸಾರ್, ಇದು ಬಿಚ್ಚಿ ಎಷ್ಟ್ ದಿನ ಆಯ್ತೋ, ಈಗ ಇದು ಬರೀ ಸುಣ್ಣ" ಅಂದ. ಅವನನ್ನು ಯಾವ ಮೀಟಿಂಗಿಗೂ ಯಾರೂ ಕರೆದಿಲ್ಲ.

ಮೀಟಿಂಗಿಗೆ ಕರೆದಿದ್ದು ನನ್ನನ್ನು. ಎಲ್ಲ ಮುಗಿದು ವರ್ಷಗಳಾದ ಮೇಲೆ ಒಂದು ದಿನದ ತರಬೇತಿ. ಬ್ಯಾಗು, ಪೆನ್ನು, ಪ್ಯಾಡು, ಬೆಳಿಗ್ಗೆ ಕೇಸರಿಬಾತ್ ಉಪ್ಪಿಟ್ಟು. ಭೂಕಂಪದ ಬಗ್ಗೆ ಒಂದು ಗಂಟೆ ಪಿಪಿಟಿ. ಬೆಂಕಿ ಆರಿಸೋದು, ಹಗ್ಗದಲ್ಲಿ ಇಳಿಯೋದು, ಚೆನ್ನಾಗಿಯೇ ತೋರಿಸಿದರು. ಕೊನೆಗೆ ನಾನು ಎದ್ದು, ಪರಿಹಾರ ಕೇಂದ್ರದಲ್ಲಿ ಕಕ್ಕಸು ತುಂಬಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿದೆ. ಸಭೆ ನಕ್ಕಿತು. "ಅದನ್ನ ಸ್ಥಳೀಯ ಸಂಸ್ಥೆ ನೋಡ್ಕೊಳ್ಳುತ್ತೆ" ಅಂದರು. ಸ್ಥಳೀಯ ಸಂಸ್ಥೆ ಅಂದರೆ ನನ್ನ ಪಕ್ಕದಲ್ಲೇ ಕೂತಿದ್ದ ಪಿಡಿಒ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಆ ಪ್ರಶ್ನೆ ಕೇಳೋಕೆ ಕಾರಣ ಇತ್ತು. ಆರನೇ ದಿನ ನಮ್ಮ ಗುಂಡಿ ತುಂಬಿ ಮೇಲೆ ಬಂತು, ಮಳೆ ನೀರು ಒಳಗೆ ನುಗ್ಗಿತ್ತು. ಸಕ್ಕಿಂಗ್ ಗಾಡಿ ಪೇಟೆಯಲ್ಲಿದೆ, ರಸ್ತೆ ಇಲ್ಲ. ಫೋನಲ್ಲಿ ಒಬ್ಬರು "ಕಾಲೊನಿಯಿಂದ ಯಾರನ್ನಾದ್ರೂ ಕರೆಸಿ ಇಳಿಸ್ರಿ, ದುಡ್ಡು ಕೊಟ್ಟರಾಯ್ತು" ಅಂದುಬಿಟ್ಟರು. ಗುಂಡಿಗೆ ಹೀಗೆ ಮನುಷ್ಯರನ್ನು ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಹೇಳಿದವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ. ನಾನಾದರೂ ತಕ್ಷಣ ಆಗಲ್ಲ ಅಂದೆನಾ? ಇಲ್ಲ. ನೋಡೋಣ ಸರ್ ಅಂದೆ. ಅಲ್ಲೇ ನಿಂತಿದ್ದ ವಾಟರ್‌ಮ್ಯಾನ್ ಆಗಲ್ಲ ಅಂದ. ಆ ಎರಡು ದಿನ ಎಲ್ಲರೂ ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಂದರು. ಬಾಗಿಲು ತೆಗೆದವರೂ ಇದ್ದರು, ಜಾತಿ ಕೇಳಿದವರೂ ಇದ್ದರು.

ಇನ್ನೊಂದು ನಾಚಿಕೆ. ನಾಲ್ಕು ದಿನ ಆದ ಮೇಲೆ ಅಂಗನವಾಡಿ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಹೆಣ್ಮಕ್ಕಳಿಗೆ ಬಟ್ಟೆ ಒಣಗಿಸೋಕೆ ಒಂದು ರೂಮು ಬೇಕು, ಹೊಗೆ ಆಡೋ ಜಾಗ ಆದ್ರೆ ಒಳ್ಳೇದು" ಅಂದರು. ಯಾವ ಬಟ್ಟೆ ಅಂತ ಕೇಳಿಬಿಟ್ಟೆ. ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬಿಸಿಯೂಟದ ಅಡುಗೆಮನೆ ಹಿಂದಿನ ಸೌದೆ ಕೋಣೆ ಬಿಡಿಸಿಕೊಟ್ಟೆ. ಮೊದಲ ದಿನವೇ ಕೊಡಬಹುದಿತ್ತು.

ಪಟ್ಟಿ ಬರೆಯೋದರಲ್ಲೂ ತಪ್ಪಿದೆ. ಎಸ್ಟೇಟ್ ಲೈನ್ ಮನೆಗಳಿಂದ ಬಂದ ಅಸ್ಸಾಂ ಕಡೆಯ ಎರಡು ಸಂಸಾರ ಇತ್ತು. ಆಧಾರ್ ಮಣ್ಣಲ್ಲಿ ಹೋಗಿದೆ, ಕನ್ನಡ ಬರಲ್ಲ. ಇವರನ್ನು ಸೇರಿಸೋದೋ ಬೇಡವೋ ಅಂತ ಒಂದು ದಿನ ಚರ್ಚೆ ನಡೆಯಿತು. ಅಷ್ಟರಲ್ಲಿ ಅವರು ಊಟ ಕೇಳೋಕೂ ಹೆದರಿ ವರಾಂಡದಲ್ಲಿದ್ದರು, ಕಕ್ಕಸಿಗೆ ತೋಟಕ್ಕೆ ಹೋಗುತ್ತಿದ್ದರು. ಆ ತೋಟದ ಕೆಳಗೇ ನಮ್ಮ ಬಾವಿ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಾದಾಗ ಎಲ್ಲರೂ ಟಿವಿಯಲ್ಲಿ ಸೈನ್ಯ ಕಟ್ಟಿದ ಬೈಲಿ ಸೇತುವೆ ನೋಡಿದರು. ದೊಡ್ಡ ಕೆಲಸವೇ. ನಾನು ಮಾತ್ರ ಮೇಪ್ಪಾಡಿಯ ಶಾಲೆಗಳಲ್ಲಿ ಜನ ಮಲಗಿದ್ದ ದೃಶ್ಯ ಬಂದಾಗ ಹಿಂದೆ ಕಕ್ಕಸು ಕಾಣುತ್ತಾ ಅಂತ ಹುಡುಕುತ್ತಿದ್ದೆ. ಹೆಂಡತಿ ಬೈದಳು.

ನನಗನ್ನಿಸೋದು ಇಷ್ಟು. ಜೀವ ಉಳಿಸೋದು ಒಂದು ದಿನದ ಕೆಲಸ, ಅದಕ್ಕೆ ಪಳಗಿದ ಪಡೆ ಇದೆ. ಉಳಿದವರನ್ನು ಇಪ್ಪತ್ತು ದಿನ ಇಟ್ಟುಕೊಳ್ಳೋದು ಮೇಷ್ಟ್ರು, ಪಿಡಿಒ, ಗ್ರಾಮ ಲೆಕ್ಕಿಗರು, ವಾಟರ್‌ಮ್ಯಾನ್, ಆಶಾ, ಅಂಗನವಾಡಿ ಟೀಚರ್. ನಮಗೆ ತರಬೇತಿ ಕೊಡಿ. ಅದೂ ಮೇ ತಿಂಗಳಲ್ಲಿ, ಎಸಿ ಹಾಲ್‌ನಲ್ಲಿ ಬೇಡ, ನಾಳೆ ಕೇಂದ್ರ ಆಗೋ ಅದೇ ಶಾಲೆಯಲ್ಲಿ. ಒಂದು ರಾತ್ರಿ ನಮ್ಮನ್ನು ಅಲ್ಲೇ ಮಲಗಿಸಿ, ಲೈಟ್ ಆರಿಸಿ. ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು ಕಕ್ಕಸಿಗೆ ಹೋಗಿ ಬರಲಿ ತಹಸೀಲ್ದಾರ್ ಸಾಹೇಬರೂ. ಪೌಡರ್ ಕಲಸೋದನ್ನು ವಾಟರ್‌ಮ್ಯಾನ್ ಕಲಿಸಲಿ, ಅವನಿಗೂ ಆ ದಿನದ ಭತ್ಯೆ ಕೊಡಿ. ಸಕ್ಕಿಂಗ್ ಗಾಡಿಯವನ ನಂಬರ್ ಗೋಡೆ ಮೇಲೆ ಬರೆಸಿ. ಪಂಚಾಯಿತಿಯವರಿಗೆ ತರಬೇತಿ ಕೊಡೋಕೆ ಮೈಸೂರಲ್ಲಿ ದೊಡ್ಡ ಸಂಸ್ಥೆಯೇ ಇದೆ, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬರ ಹೆಸರಲ್ಲಿ. ಅಲ್ಲಿಂದ ಇಬ್ಬರು ಜೀಪ್ ಹತ್ತಿ ಇಲ್ಲಿಗೆ ಬಂದರೆ ಸಾಕು.

ಕಮೆಂಟಲ್ಲಿ "ಮೇಷ್ಟ್ರಿಗೆ ಪಾಠ ಮಾಡೋಕೆ ಬಿಡಿ, ಇದೆಲ್ಲ ಯಾಕೆ" ಅನ್ನುವವರು ಇರ್ತೀರಿ. ಒಪ್ತೀನಿ. ಆ ರಾತ್ರಿ ಫೋನ್ ಮಾಡಿದವರಿಗೂ ಅದನ್ನೇ ಹೇಳಿ ನೋಡಿ.

ಮೊನ್ನೆ ಶಾಲೆಯ ಕಕ್ಕಸು ಮತ್ತೆ ಎಣಿಸಿದೆ. ನಾಲ್ಕು. ಬೆಂಚು ತುಂಬಿದ್ದನ್ನು ಖಾಲಿ ಮಾಡಿಸಿದ್ದೇವೆ, ಪ್ಯಾನ್ ಒಡೆದಿದೆ, ಅರ್ಜಿ ಕೊಟ್ಟಿದ್ದೇನೆ. ಮೈದಾನದ ಮೇಲೆ ಒಂದು ಸಾಲು ಚಪ್ಪಡಿ ಕಲ್ಲು ಹಾಕಿಸಿದ್ದೇವೆ, ಪಕ್ಕದ ತೋಟದವರು ಕೊಟ್ಟರು. ಬೀಗದ ಕೈ ಮೂರು ಮಾಡಿಸಿದೆ, ತೊಂಬತ್ತು ರೂಪಾಯಿ ಆಯ್ತು. ಒಂದು ಹೆಡ್‌ಮಾಸ್ಟರ್ ಹತ್ರ, ಒಂದು ಅಂಗನವಾಡಿ ಟೀಚರ್ ಹತ್ರ, ಇನ್ನೊಂದು ವಾಟರ್‌ಮ್ಯಾನ್ ಸೊಂಟದ ಉಡಿದಾರದಲ್ಲಿದೆ.